ಮಾಗಡಿ ಕಡೆಯಿಂದ ಬಂದ ಮುತ್ತಾತ: ಅವರ ಮನೆಯವರನ್ನು ಹುಡುಕುವುದು ಎಲ್ಲಿಂದ?

ಪ್ರಶ್ನೆ: ನನಗೆ 66 ವರ್ಷ, ರಾಜಾಜಿನಗರದಲ್ಲಿದ್ದೇನೆ. ನನ್ನ ಮುತ್ತಾತ, ಅಂದರೆ ತಾತನ ತಂದೆ, ದೊಡ್ಡ ಬರಗಾಲದಲ್ಲಿ ಮಾಗಡಿ ಕಡೆಯ ಯಾವುದೋ ಹಳ್ಳಿಯಿಂದ ಬೆಂಗಳೂರಿಗೆ ಬಂದರಂತೆ. ಆಗ ಹದಿನಾರು ಹದಿನೇಳರ ಹುಡುಗ. ತರಗುಪೇಟೆಯ ಮಂಡಿಯಲ್ಲಿ ಕೆಲಸಕ್ಕೆ ಸೇರಿ, ಪೇಟೆಯಲ್ಲೇ ಒಂದು ಸಣ್ಣ ಮನೆ ಮಾಡಿದರು. ಪ್ಲೇಗಿನಲ್ಲಿ ತೀರಿಹೋದರು. ಆಗ ನಮ್ಮ ತಾತನಿಗೆ ಆರು ವರ್ಷ. ಊರಿನ ಹೆಸರು ಈಗ ಯಾರಿಗೂ ಗೊತ್ತಿಲ್ಲ. ಮನೆಯಲ್ಲಿ ಒಂದು ಹಳೇ ಭೋಗ್ಯದ ಪತ್ರ ಇದೆ. ಅಕ್ಷರ ಅರ್ಧಕ್ಕರ್ಧ ಓದಲು ಆಗುವುದಿಲ್ಲ. ರಕ್ತಾಕ್ಷಿ ಸಂವತ್ಸರ ಅಂತ ಇದೆ, ತಾತನ ಹೆಸರಿದೆ. ಆದರೆ ತಾತನ ತಾತನಿಗೂ ಅದೇ ಹೆಸರಂತೆ. 90 ದಾಟಿದ ಸೋದರತ್ತೆ ಒಬ್ಬರಿದ್ದಾರೆ. ಪರಿಚಯದವರೊಬ್ಬರು ಲಂಡನ್ನಿನಿಂದ ದಾಖಲೆ ತರಿಸಿಕೊಡುತ್ತೇನೆ ಅಂತ ದುಡ್ಡು ಕೇಳುತ್ತಿದ್ದಾರೆ. ಮುತ್ತಾತನ ಅಣ್ಣತಮ್ಮಂದಿರ ಮನೆಯವರು ಎಲ್ಲಾದರೂ ಸಿಗುತ್ತಾರಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಲಂಡನ್ ವಿಷಯ ಮೊದಲು ಮುಗಿಸಿಬಿಡೋಣ. ದುಡ್ಡು ಕೊಡಬೇಡಿ. ಅಲ್ಲಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸಿನ ದಾಖಲೆಗಳಿರುವುದು ನಿಜ. ಬೆಂಗಳೂರಿನ ಬ್ಯಾಪ್ಟಿಸಂ, ಮದುವೆ, ಸಮಾಧಿಯ ಪಟ್ಟಿಗಳು ಅಲ್ಲಿ ಮದ್ರಾಸ್ ಪ್ರಾಂತ್ಯದ ಸಾಲಿನಲ್ಲಿ ಇವೆ. ಆದರೆ ಅವೆಲ್ಲ ಚರ್ಚುಗಳಿಂದ ಹೋದವು. ದಂಡಿನ (ಕಂಟೋನ್ಮೆಂಟ್) ಕಡೆಯ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮನೆತನಗಳಿಗೆ, ಕೆಲವು ಕ್ರೈಸ್ತ ಕುಟುಂಬಗಳಿಗೆ ಅದು ದೊಡ್ಡ ಆಸ್ತಿ. ಪೇಟೆಯ ಮಂಡಿಯಲ್ಲಿ ದುಡಿದ ಹಿಂದೂ ರೈತರ ಮನೆಯ ಹುಡುಗನ ಹೆಸರು ಅಲ್ಲಿರಲು ಕಾರಣವೇ ಇಲ್ಲ.

ಇನ್ನೊಂದು ಆಸೆಯನ್ನೂ ಈಗಲೇ ಬಿಟ್ಟುಬಿಡಿ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಜನಗಣತಿ ಆಯಿತು, 1881ರಲ್ಲಿ ಮತ್ತೆ ಆಯಿತು. ಹಾಗಾದರೆ ಅದರಲ್ಲಿ ಹೆಸರು ಇರಬೇಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಮನೆಮನೆಯಲ್ಲಿ ಬರೆದುಕೊಂಡ ಹಾಳೆಗಳನ್ನು ಇಟ್ಟುಕೊಳ್ಳಲಿಲ್ಲ. ಉಳಿದಿರುವುದು ಒಟ್ಟು ಲೆಕ್ಕದ ಕೋಷ್ಟಕ ಮಾತ್ರ. ಇಂಗ್ಲೆಂಡಿನವರು ಹಳೇ ಜನಗಣತಿ ತೆಗೆದು ತಾತ ಮುತ್ತಾತರನ್ನು ಕಂಡುಹಿಡಿಯುವ ಹಾಗೆ ನಮಗೆ ಆಗುವುದಿಲ್ಲ.

ಹಾಗಾದರೆ ನಮ್ಮ ಕಡೆ ಸಾಮಾನ್ಯ ರೈತನ ಹೆಸರನ್ನು ಯಾರು ಬರೆದಿಟ್ಟರು? ಕಂದಾಯ ವಸೂಲಿ ಮಾಡುವವರು ಬರೆದರು. ಸಾಲ ಕೊಟ್ಟವರು ಬರೆಸಿಕೊಂಡರು. ವಂಶ ಹೇಳುವುದನ್ನೇ ಕಸುಬು ಮಾಡಿಕೊಂಡ ಹೆಳವರು ಬರೆದರು. ಈ ಮೂರೂ ಕಡೆ ದಾಖಲೆ ಇರುವುದು ಊರಿನ ಪ್ರಕಾರ, ಆಸ್ತಿಯ ಪ್ರಕಾರ. ಸುಮ್ನೆ ಹೆಸರು ಹಿಡಿದು ಹೋದರೆ ಯಾವ ಕಚೇರಿಯಲ್ಲೂ ಏನೂ ಸಿಗುವುದಿಲ್ಲ. ಮೊದಲ ಮೊಮ್ಮಗನಿಗೆ ತಾತನ ಹೆಸರು ಇಡುವ ಪದ್ಧತಿ ಬೇರೆ. ಅದೇ ಎರಡು ಹೆಸರು ತಲೆಮಾರು ಬಿಟ್ಟು ತಲೆಮಾರು ತಿರುಗುತ್ತಿರುತ್ತವೆ. ಪಕ್ಕದ ಹಳ್ಳಿಯಲ್ಲೂ ಅದೇ ಹೆಸರಿನ ಅಪ್ಪ ಮಗ ಇರುತ್ತಾರೆ. ಆದ್ದರಿಂದ ನಿಮ್ಮ ಈಗಿನ ಕೆಲಸ ಒಂದೇ: ಊರು ಯಾವುದು ಅಂತ ಗೊತ್ತು ಮಾಡಿಕೊಳ್ಳುವುದು.

ಅದಕ್ಕೆ ಎರಡು ದಾರಿ ನಿಮ್ಮ ಮನೆಯಲ್ಲೇ ಇವೆ. ಒಂದು ಆ ಪತ್ರ, ಇನ್ನೊಂದು ನಿಮ್ಮ ಅತ್ತೆ.

ಪತ್ರದಿಂದ ಶುರು ಮಾಡೋಣ. ಸಂವತ್ಸರಗಳು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ರಕ್ತಾಕ್ಷಿ 1864–65ರಲ್ಲಿ ಬಂದಿತ್ತು, ಮತ್ತೆ 1924–25ರಲ್ಲಿ ಬಂತು. ಮೊದಲನೆಯದಾದರೆ ಬರೆದುಕೊಟ್ಟವರು ನಿಮ್ಮ ತಾತನ ತಾತ. ಎರಡನೆಯದಾದರೆ ನಿಮ್ಮ ತಾತ; 1898ರ ಪ್ಲೇಗಿನಲ್ಲಿ ಆರು ವರ್ಷದವರಾಗಿದ್ದರೆ ಆಗ ಅವರಿಗೆ 32. ಇಬ್ಬರ ಹೆಸರೂ ಒಂದೇ ಆಗಿರುವುದರಿಂದ ಹೆಸರು ನೋಡಿ ತೀರ್ಮಾನ ಮಾಡಬೇಡಿ. ಮೊದಲ ಸಾಲಿನಲ್ಲಿ ಶಾಲಿವಾಹನ ಶಕ ಅಂತ ಒಂದು ಸಂಖ್ಯೆ ಇದೆಯಾ ನೋಡಿ. 1786 ಇದ್ದರೆ 1864, 1846 ಇದ್ದರೆ 1924. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ ಬರುತ್ತದೆ. ಸಂಖ್ಯೆ ಅಳಿಸಿಹೋಗಿದ್ದರೆ ಮಾಸ, ತಿಥಿ, ವಾರ ಓದಿ. ಒಂದೇ ತಿಥಿ ಎರಡೂ ವರ್ಷದಲ್ಲಿ ಒಂದೇ ವಾರ ಬೀಳುವುದು ಕಡಿಮೆ. ಪಂಚಾಂಗ ಬಲ್ಲವರು ಲೆಕ್ಕ ಹಾಕಿ ಹೇಳುತ್ತಾರೆ.

ಇದಕ್ಕಿಂತ ಸುಲಭದ ಗುರುತು ಪತ್ರದ ಹಿಂಬದಿಯಲ್ಲಿ ಇರಬಹುದು. ರಿಜಿಸ್ಟರ್ ಆದ ಪತ್ರವಾದರೆ ಸಬ್ ರಿಜಿಸ್ಟ್ರಾರ್ ಅಲ್ಲಿ ಷರಾ ಬರೆದು ಮೊಹರು ಹಾಕಿರುತ್ತಾರೆ. ಯಾವ ದಿನ, ಎಷ್ಟು ಗಂಟೆಗೆ, ಯಾರು ತಂದು ಹಾಜರುಪಡಿಸಿದರು, ಎಷ್ಟನೇ ಪುಸ್ತಕದ ಯಾವ ಸಂಪುಟದ ಯಾವ ಪುಟದಲ್ಲಿ ನಕಲಾಯಿತು, ಎಲ್ಲ ಇಂಗ್ಲಿಷ್ ತಾರೀಖಿನ ಜೊತೆ ಇರುತ್ತದೆ. ಅದರ ಕೆಳಗೆ, ಬರೆದುಕೊಟ್ಟವರು ಇವರೇ ಅಂತ ಗುರುತಿಸಿದ ಇಬ್ಬರ ಹೆಸರು, ಊರು ಇರುತ್ತವೆ. ಎಲ್ಲರೂ ಪತ್ರದ ಮುಂಬದಿಯನ್ನು ಕಷ್ಟಪಟ್ಟು ಓದಿ ಹಿಂಬದಿಯನ್ನು ಹಾಗೇ ಬಿಡುತ್ತಾರೆ. ನನ್ನ ಮಟ್ಟಿಗೆ ಹಿಂಬದಿಗೇ ಬೆಲೆ ಜಾಸ್ತಿ. ಗುರುತಿಸಲು ಕರೆದುಕೊಂಡು ಹೋಗುವುದು ಯಾರನ್ನು? ನೆಂಟರನ್ನು, ಊರಿನವರನ್ನು, ಜೊತೆಗೆ ಕೆಲಸ ಮಾಡುವವರನ್ನು. ಅವರಲ್ಲಿ ಒಬ್ಬರ ಹೆಸರಿನ ಮುಂದೆ ಮಾಗಡಿ ತಾಲ್ಲೂಕಿನ ಒಂದು ಗ್ರಾಮದ ಹೆಸರು ಇದ್ದರೆ ನಿಮ್ಮ ಅರ್ಧ ಕೆಲಸ ಆದಂತೆ.

ಒಳಗಿನ ಬರಹದಲ್ಲಿ ಚೆಕ್ಕುಬಂದಿ ನೋಡಿ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಏನು ಅಂತ ಇರುತ್ತದೆ. ಅಲ್ಲಿ ಗಲ್ಲಿ, ಮೋರಿ, ಮನೆ ನಂಬರು ಬಂದರೆ ಇದು ಪೇಟೆಯ ಮನೆ, ಅಂದರೆ 1924. ಹೊಲ, ಹಳ್ಳ, ಬೇಲಿ ಬಂದರೆ ಇದು ಹಳ್ಳಿಯ ಜಮೀನು. ಆಗ ಗ್ರಾಮದ ಹೆಸರು ಅದರಲ್ಲೇ ಬರೆದಿರುತ್ತದೆ, ನಿಮ್ಮ ಹುಡುಕಾಟ ಅಲ್ಲಿಗೇ ಹತ್ತಿರವಾಗುತ್ತದೆ. ಪತ್ರ ನಿಮ್ಮ ಮನೆಯಲ್ಲೇ ಉಳಿದಿದೆ ಅನ್ನುವುದೂ ಒಂದು ಸುಳಿವು. ಭೋಗ್ಯದ ಪತ್ರ ಸಾಲ ಕೊಟ್ಟವರ ಕೈಯಲ್ಲಿರುತ್ತದೆ. ವಾಪಸ್ ಬಂದಿದೆ ಅಂದರೆ ಹಣ ತೀರಿಸಿದ್ದಾರೆ. ಅಂಚಿನಲ್ಲೋ ಹಿಂದೆಯೋ ಚುಕ್ತಾ ಆದ ಬಗ್ಗೆ ಒಂದು ಸಾಲು, ಒಂದು ತಾರೀಖು ಇರಬಹುದು.

ಅಕ್ಷರ ಓದಲು ಆಗದಿದ್ದರೆ ಪತ್ರವನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ. ಹಗಲು ಬೆಳಕಿನಲ್ಲಿ ಎರಡೂ ಕಡೆ ಫೋಟೋ ತೆಗೆಯಿರಿ. ಮೋಡಿ ಬರಹ, ಅಂದರೆ ಅಕ್ಷರ ಕೂಡಿಸಿ ವೇಗವಾಗಿ ಬರೆದ ಹಳೇ ಕೈಬರಹ, ಓದಿ ಅಭ್ಯಾಸವಿರುವ ಹಳೇ ಪತ್ರ ಬರಹಗಾರರು ಇನ್ನೂ ಇದ್ದಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಸುತ್ತಮುತ್ತ ವಿಚಾರಿಸಿದರೆ ಸಿಗುತ್ತಾರೆ.

ಈಗ ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಮಾತು. ಮುತ್ತಾತ ಹೋದಾಗ ತಾತನಿಗೆ ಆರು ವರ್ಷ. ಬೆಂಗಳೂರಿಗೆ ಪ್ಲೇಗ್ ಬಂದಿದ್ದು 1898ರ ಆಗಸ್ಟ್‌ನಲ್ಲಿ, ವಿಳಂಬಿ ಸಂವತ್ಸರ. ಮರಣ ನೋಂದಣಿ ಪುಸ್ತಕದಲ್ಲಿ ಹೆಸರು ಸಿಗುತ್ತದೆ ಅಂತ ನಂಬಿ ಕೂರಬೇಡಿ. ಜನ ಪೇಟೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡಿದ್ದರು. ಪ್ಲೇಗ್ ಕ್ಯಾಂಪಿಗೆ ಎಳೆದೊಯ್ಯುತ್ತಾರೆ ಅಂತ ಹೆದರಿ ಕಾಯಿಲೆಯನ್ನೇ ಮುಚ್ಚಿಟ್ಟ ಮನೆಗಳು ಎಷ್ಟೋ. ಸತ್ತವರ ಹೆಸರು ಬರೆಸದೆ ಹೋದವರೂ ಇದ್ದರು. ಆದರೆ ಯೋಚನೆ ಮಾಡಿ. ಪೇಟೆಯಲ್ಲಿ ಒಂದು ಮನೆ ಇದೆ, ಅದರ ವಾರಸುದಾರ ಆರು ವರ್ಷದ ಹುಡುಗ. ಅವನು ದೊಡ್ಡವನಾಗುವವರೆಗೆ ಸುಮಾರು ಹನ್ನೆರಡು ವರ್ಷ ಆ ಮನೆಯನ್ನು ಯಾರೋ ನೋಡಿಕೊಂಡಿದ್ದಾರೆ, ತೆರಿಗೆ ಕಟ್ಟಿದ್ದಾರೆ. ಅದು ಹುಡುಗನ ತಾಯಿ ಇರಬಹುದು, ಸೋದರಮಾವ ಇರಬಹುದು, ಇಲ್ಲವೇ ದೊಡ್ಡಪ್ಪನೋ ಚಿಕ್ಕಪ್ಪನೋ ಇರಬಹುದು. ದೊಡ್ಡಪ್ಪ ಚಿಕ್ಕಪ್ಪ ಅಂದರೆ ನೀವು ಹುಡುಕುತ್ತಿರುವ ಮುತ್ತಾತನ ಅಣ್ಣತಮ್ಮ.

ಆ ಗಾರ್ಡಿಯನ್ ಹೆಸರು ಸಿಗಬಹುದಾದ ಜಾಗ ಸಬ್ ರಿಜಿಸ್ಟ್ರಾರ್ ಕಚೇರಿಯ ಹಳೇ ಪುಸ್ತಕಗಳು. ಆನ್‌ಲೈನ್‌ನಲ್ಲಿ ಕಾವೇರಿ ತಂತ್ರಾಂಶದಲ್ಲಿ ಸಿಗುವ ಇ.ಸಿ. (ಋಣಭಾರ ಪತ್ರ) ಈಚಿನ ವರ್ಷಗಳದ್ದು ಮಾತ್ರ, ಅದರಿಂದ ಪ್ರಯೋಜನ ಇಲ್ಲ. ಕೈಬರಹದ ಸೂಚಿಗಳನ್ನೇ ತೆಗೆಸಬೇಕು. ಸ್ಥಿರಾಸ್ತಿಯ ಪತ್ರಗಳೆಲ್ಲ ಒಂದನೇ ಪುಸ್ತಕದಲ್ಲಿ ಇರುತ್ತವೆ. ಅದಕ್ಕೆ ಎರಡು ಸೂಚಿಗಳಿವೆ, ಒಂದು ವ್ಯಕ್ತಿಗಳ ಹೆಸರಿನ ಪ್ರಕಾರ, ಇನ್ನೊಂದು ಆಸ್ತಿಯ ಪ್ರಕಾರ. ಶುಲ್ಕ ಕಟ್ಟಿದರೆ ಇವನ್ನು ಯಾರು ಬೇಕಾದರೂ ನೋಡಬಹುದು, ಕಾನೂನಿನಲ್ಲೇ ಅವಕಾಶ ಇದೆ. ನೀವು ಆಸ್ತಿಯ ಸೂಚಿ ಕೇಳಿ. 1898ರಿಂದ 1925ರವರೆಗೆ ಆ ಬೀದಿಯ ಆ ಮನೆಯ ಮೇಲೆ ಏನೇನು ವ್ಯವಹಾರ ಆಗಿದೆ ನೋಡಿ. ‘ಮೈನರ್ ಇಂಥವರ ಪರವಾಗಿ ಗಾರ್ಡಿಯನ್ ಇಂಥವರು’ ಅನ್ನುವ ಒಂದು ಸಾಲು ಕಣ್ಣಿಗೆ ಬಿದ್ದರೆ ಅದರ ನಕಲು ಆ ದಿನವೇ ಅರ್ಜಿ ಹಾಕಿ ತೆಗೆದುಕೊಳ್ಳಿ. ಇಷ್ಟು ಹಳೇ ಸಂಪುಟ ಆ ಕಚೇರಿಯಲ್ಲೇ ಇರಬೇಕೆಂದಿಲ್ಲ, ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲೂ ವಿಚಾರಿಸಿ.

ಇದಕ್ಕೆಲ್ಲ ಮುಂಚೆ ಅತ್ತೆಯ ಹತ್ತಿರ ಹೋಗಿ. ಈ ವಾರವೇ ಹೋಗಿ. ಕಚೇರಿಯ ಪುಸ್ತಕ ಇನ್ನೂ ಒಂದು ವರ್ಷ ಕಾಯುತ್ತದೆ.

ನಮ್ಮ ಊರು ಯಾವುದು ಅಂತ ಮಾತ್ರ ಕೇಳಬೇಡಿ. ಅದನ್ನು ಎಲ್ಲರೂ ಕೇಳಿ ಆಗಿದೆ, ಗೊತ್ತಿಲ್ಲ ಅಂತ ಹೇಳಿ ಅಭ್ಯಾಸವಾಗಿಬಿಟ್ಟಿದೆ. ಬೇರೆ ಥರ ಕೇಳಿ. ನಿಮ್ಮ ಅಪ್ಪ ಯಾರು ಸತ್ತ ಸುದ್ದಿ ಬಂದರೆ ಸ್ನಾನ ಮಾಡಿ ಸೂತಕ ಹಿಡಿಯುತ್ತಿದ್ದರು? ಸೂತಕ ತಟ್ಟುವುದು ದಾಯಾದಿಗಳಿಗೆ. ಆ ಮನೆಯವರೇ ನಿಮ್ಮ ಮುತ್ತಾತನ ಕಡೆಯವರು. ಮಕ್ಕಳ ಮುಡಿ ಎಲ್ಲಿ ಕೊಡುತ್ತಿದ್ದರು? ಮನೆದೇವರು ಯಾವುದು? ಸಾವನದುರ್ಗ ಅಂದರೆ ಅಷ್ಟಕ್ಕೇ ನಿಲ್ಲಬೇಡಿ, ಸುತ್ತಲಿನ ಎಷ್ಟೋ ಊರಿನವರು ಅಲ್ಲಿಗೆ ಹೋಗುತ್ತಾರೆ. ಊರಹಬ್ಬಕ್ಕೆ ತಂಬಿಟ್ಟಿನ ಆರತಿ ಯಾವ ಅಮ್ಮನಿಗೆ ಹೋಗುತ್ತಿತ್ತು ಅಂತ ಕೇಳಿ. ಗ್ರಾಮದೇವತೆಯ ಹೆಸರು ಸಿಕ್ಕರೆ ಊರು ಹತ್ತಿರ ಬಂತು. ಕೂಡಿಬರುವ ಮನೆತನ ಯಾವುದು, ಕೂಡದ ಮನೆತನ ಯಾವುದು? ಹೆಣ್ಣು ಕೊಟ್ಟು ತರದ ಮನೆಯವರು ಒಂದೇ ಕುಲದವರು. ಚಳಿಗಾಲದಲ್ಲಿ ಮನೆಗೆ ಅವರೆಕಾಯಿ, ರಾಗಿ ತಂದುಕೊಡುತ್ತಿದ್ದವರು ಯಾರು? ಇಂಥ ಪ್ರಶ್ನೆಗೆ ತೊಂಬತ್ತು ದಾಟಿದವರೂ ಥಟ್ಟನೆ ಉತ್ತರ ಕೊಡುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ತಾತನ ತಾಯಿಯ ಬಗ್ಗೆಯೂ ಕೇಳಿ. ಗಂಡ ಹೋದ ಮೇಲೆ ಆ ಹೆಂಗಸು ಮಗುವನ್ನು ಹೇಗೆ ಸಾಕಿದರು, ತವರು ಎಲ್ಲಿತ್ತು? ಆಗ ಸಂಬಂಧ ಬೆಳೆಸುತ್ತಿದ್ದುದು ಜಾಸ್ತಿ ಹತ್ತಿರದ ಹಳ್ಳಿಗಳಲ್ಲೇ, ಎಷ್ಟೋ ಸಲ ಅತ್ತೆ ಮಾವನ ಮಕ್ಕಳ ನಡುವೆಯೇ. ತವರಿನ ಊರು ಗೊತ್ತಾದರೆ ಗಂಡನ ಊರು ಅಲ್ಲಿಂದ ಎತ್ತಿನಗಾಡಿ ದೂರದಲ್ಲೇ ಇರುವ ಸಾಧ್ಯತೆ ದೊಡ್ಡದು. ವಂಶವೃಕ್ಷ ಬರೆಯುವವರು ಹೆಣ್ಣುಮಕ್ಕಳನ್ನು ಬಿಟ್ಟು ಬರೆಯುತ್ತಾರೆ. ಇದು ನನಗೆ ಬೇಸರದ ವಿಷಯ. ಹಾಗೆ ಬಿಟ್ಟಿದ್ದರಿಂದಲೇ ಎಷ್ಟೋ ಮನೆಗಳ ದಾರಿ ಮುಚ್ಚಿದೆ.

‘ಮಾಗಡಿ ಕಡೆ’ ಅನ್ನುವ ಮಾತನ್ನೂ ಬಿಗಿಯಾಗಿ ಹಿಡಿಯಬೇಡಿ. ಕುದೂರು, ಸೋಲೂರು, ತಿಪ್ಪಸಂದ್ರ, ಮಾಡಬಾಳು ಎಲ್ಲ ಆ ಕಡೆಯೇ. ಪೇಟೆಯವರ ಬಾಯಲ್ಲಿ ತಾವರೆಕೆರೆಯೂ ಮಾಗಡಿ ರಸ್ತೆಯೇ, ಕುಣಿಗಲ್ ಗಡಿಯ ಹಳ್ಳಿಯೂ ಮಾಗಡಿ ಕಡೆಯೇ. ಮಾಗಡಿ ಆಗ ಬೆಂಗಳೂರು ಜಿಲ್ಲೆಯಲ್ಲಿತ್ತು. 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಹೋಯಿತು, 2007ರಲ್ಲಿ ರಾಮನಗರ ಜಿಲ್ಲೆಗೆ ಸೇರಿತು. ಹಳೇ ಕಾಗದ ಎಲ್ಲಿದೆ ಅಂತ ಕೇಳುವಾಗ ಇದು ನೆನಪಿರಲಿ. ಒಂದು ಕಚೇರಿಯಲ್ಲಿ ಇಲ್ಲ ಅಂದರೆ ಎಲ್ಲೂ ಇಲ್ಲ ಅಂತ ಅಲ್ಲ.

ಊರು ಗೊತ್ತಾಯಿತು ಅಂದುಕೊಳ್ಳಿ. ಆಗ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋಗಬೇಕು. ಇವತ್ತಿನ ಪಹಣಿಯಿಂದ ಹಿಂದಕ್ಕೆ ನಡೆಯಿರಿ. ಪಹಣಿಯಿಂದ ಮ್ಯುಟೇಶನ್ (ಖಾತೆ ಬದಲಾವಣೆ), ಅಲ್ಲಿಂದ ರೆಕಾರ್ಡ್ ಆಫ್ ರೈಟ್ಸ್ ಮತ್ತು ಇಂಡೆಕ್ಸ್ ಆಫ್ ಲ್ಯಾಂಡ್ಸ್, ಅದಕ್ಕೂ ಹಿಂದೆ ಸರ್ವೆ ಕಾಲದ ಕೆತ್ವಾರ್ ಪತ್ರಿಕೆ. ಆಕಾರಬಂದಿನಲ್ಲಿ ವಿಸ್ತೀರ್ಣ, ಕಂದಾಯ ಇರುತ್ತದೆ. ಹೆಸರು ಬೇಕಾದವರು ಕೆತ್ವಾರು ಕೇಳಬೇಕು. ಮೈಸೂರಿನಲ್ಲಿ ಈ ಸರ್ವೆ ಶುರುವಾಗಿದ್ದು 1863ರಲ್ಲಿ. ಒಂದೊಂದೇ ತಾಲ್ಲೂಕು ಅಳೆಯುತ್ತಾ ಮುಗಿಸಲು ದಶಕಗಳೇ ಹಿಡಿದವು. ನಿಮ್ಮ ಊರಿನ ಪುಸ್ತಕದ ಮೇಲಿರುವ ಇಸವಿ ಬರಕ್ಕೆ (1876–78) ಮುಂಚಿನದೋ ಆಮೇಲಿನದೋ ಅಂತ ಮೊದಲು ನೋಡಿ. ಆಮೇಲಿನದಾದರೆ ನಿಮ್ಮ ಮುತ್ತಾತ ಅಷ್ಟರಲ್ಲಿ ಊರು ಬಿಟ್ಟಿದ್ದಾರೆ. ಆಗ ಅಲ್ಲಿ ಇರುವುದು ಊರಲ್ಲೇ ಉಳಿದ ಅಣ್ಣತಮ್ಮಂದಿರ ಹೆಸರು. ನಿಮಗೆ ಬೇಕಾಗಿರುವುದೂ ಅದೇ.

ಬರದ ಬಗ್ಗೆ ಸ್ವಲ್ಪ ಹೇಳಬೇಕು. ಧಾತು, ಈಶ್ವರ ಸಂವತ್ಸರಗಳ ಬರ ಅಂತ ಹಿರಿಯರು ಹೇಳುತ್ತಿದ್ದುದು 1876ರಿಂದ 78ರವರೆಗಿನ ಕಾಲ. 1871ರಲ್ಲಿ ಸಂಸ್ಥಾನದ ಜನಸಂಖ್ಯೆ 50.55 ಲಕ್ಷ ಇತ್ತು. 1881ರಲ್ಲಿ ಅದು 41.86 ಲಕ್ಷಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಏರಬೇಕಾದ ಸಂಖ್ಯೆ ಎಂಟು ಲಕ್ಷಕ್ಕಿಂತ ಜಾಸ್ತಿ ಕುಸಿದಿದೆ. ಹದಿನಾರರ ಹುಡುಗ ಒಬ್ಬನೇ ಪೇಟೆಗೆ ಬಂದ ಅಂದರೆ ಹಿಂದೆ ಮನೆಯಲ್ಲಿ ಏನಾಗಿತ್ತೋ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹುಡುಕಿ. ಅಣ್ಣತಮ್ಮಂದಿರೇ ಉಳಿದಿಲ್ಲ ಅನ್ನುವುದೂ ಒಂದು ಉತ್ತರ ಆಗಬಹುದು. ಕಂದಾಯ ಕಟ್ಟಲಾಗದೆ ಜಮೀನು ಬಿಟ್ಟುಕೊಟ್ಟ ರೈತರು ರಾಜೀನಾಮೆ ಬರೆದುಕೊಡುತ್ತಿದ್ದರು, ಆ ಜಮೀನು ಹಿಡಿದವರು ಕಬೂಲಾಯಿತಿ (ಒಪ್ಪಿಗೆ ಪತ್ರ) ಬರೆಯುತ್ತಿದ್ದರು. ಅಂಥ ಕಾಗದ ಉಳಿದಿರುವುದು ಅಪರೂಪ. ಆದರೆ ಆ ವರ್ಷಗಳಲ್ಲಿ ಖಾತೆ ಬೇರೆ ಮನೆತನಕ್ಕೆ ಹೋಗಿರುವ ಸರ್ವೆ ನಂಬರುಗಳನ್ನು ಗುರುತು ಹಾಕಿಕೊಳ್ಳಿ.

ಊರು ಜೋಡಿ ಗ್ರಾಮವೋ ಇನಾಂ ಗ್ರಾಮವೋ, ಅಂದರೆ ಕಂದಾಯದಲ್ಲಿ ಪೂರ್ತಿಯೋ ಭಾಗವೋ ಮಾಫಿ ಮಾಡಿ ಇನಾಂದಾರರಿಗೆ ಕೊಟ್ಟ ಊರು, ಆಗಿದ್ದರೆ ದಾರಿ ಬೇರೆ. ಆಗ 1954 ಮತ್ತು 1955ರ ಇನಾಂ ರದ್ದತಿ ಕಾಯ್ದೆಗಳ ಕಡತ ಕೇಳಿ. ಜಮೀನು ತಮ್ಮದಾಗಬೇಕು ಅಂತ ಅರ್ಜಿ ಹಾಕಿದ ರೈತರು ತಾವು ಯಾರ ಮಕ್ಕಳು, ಎಷ್ಟು ಕಾಲದಿಂದ ಉಳುತ್ತಿದ್ದೇವೆ ಅಂತ ಅಲ್ಲಿ ಹೇಳಿಕೊಂಡಿದ್ದಾರೆ. ರಾಜ್ಯ ಪತ್ರಾಗಾರಕ್ಕೆ ಹೋಗುವುದು ಇದೆಲ್ಲ ಆದ ಮೇಲೆ. ಅಲ್ಲಿ ಮೈಸೂರನ್ನು ಬ್ರಿಟಿಷ್ ಕಮಿಷನರು ಆಳಿದ ಕಾಲದ ಕಡತಗಳಿವೆ, ಆದರೆ ವಿಷಯ ಮತ್ತು ಊರು ಹೇಳದೆ ಹೋದರೆ ಹುಡುಕಿಕೊಡುವುದು ಅವರಿಗೂ ಕಷ್ಟ.

ಶಾನುಭೋಗರ ಮನೆ ಯಾವುದಿತ್ತು ಅಂತಲೂ ಊರಲ್ಲಿ ಕೇಳಿ. ವಂಶಪಾರಂಪರ್ಯದ ಶಾನುಭೋಗಿಕೆ 1961ರ ಕಾಯ್ದೆಯಿಂದ ಹೋಯಿತು. ಕೆಲವು ಮನೆಗಳ ಅಟ್ಟದ ಮೇಲೆ ಹಳೇ ಲೆಕ್ಕ ಇನ್ನೂ ಇವೆ. ಕಪ್ಪು ಬಟ್ಟೆಯ ಮಡಿಕೆ ಮಡಿಕೆ ಕಡತ ಸಿಕ್ಕರೆ ಒದ್ದೆ ಬಟ್ಟೆಯಿಂದ ಒರೆಸಲು ಹೋಗಬೇಡಿ. ಬಟ್ಟೆಗೆ ಇದ್ದಿಲು, ಹುಣಿಸೆಬೀಜದ ಅಂಟು ಬಳಿದು, ಬಳಪದಲ್ಲಿ ಬರೆದದ್ದು ಅದು. ಕೈ ಉಜ್ಜಿದರೂ ಅಕ್ಷರ ಹೋಗುತ್ತದೆ.

ಕೊನೆಯದಾಗಿ ಹೆಳವರು. ಉತ್ತರ ಕರ್ನಾಟಕದಲ್ಲಿ ಅವರ ಓಡಾಟ ಜಾಸ್ತಿ, ಹಳೇ ಮೈಸೂರಿನ ಹಳ್ಳಿಗಳಿಗೂ ಬರುವವರಿದ್ದಾರೆ. ಸುಗ್ಗಿ ಮುಗಿದ ಮೇಲೆ ಬರುತ್ತಾರೆ. ಯಾವ ಮನೆತನ ಯಾವ ಹೆಳವರಿಗೆ ಸೇರಿದ್ದು ಅಂತ ಅವರಲ್ಲೇ ಹಂಚಿಕೆ ಇದೆ. ಆದ್ದರಿಂದ ಯಾರೋ ಒಬ್ಬ ಹೆಳವರನ್ನು ಹುಡುಕಿ ಪ್ರಯೋಜನ ಇಲ್ಲ, ನಿಮ್ಮ ಊರಿಗೆ ಬರುವವರೇ ಬೇಕು. ಅವರು ಮೂಲ ಊರಿನಿಂದ ಶುರು ಮಾಡಿ, ಎಲ್ಲಿಂದ ಎಲ್ಲಿಗೆ ಬಂದರು, ಯಾರಿಗೆ ಎಷ್ಟು ಗಂಡುಮಕ್ಕಳು ಅಂತ ಓದಿ ಹೇಳುತ್ತಾರೆ. ಊರು ಬಿಟ್ಟು ಹೋದವನ ಹೆಸರೂ ಅದರಲ್ಲಿ ಇರಬಹುದು. ಇಸವಿ ಇರುವುದು ಕಡಿಮೆ. ತಲೆಮಾರು ಎಣಿಸಿ, ಪತ್ರದಲ್ಲಿರುವ ಹೆಸರಿನ ಜೊತೆ ಹೊಂದಿಸಿ. ಎರಡೂ ಕಡೆ ‘ಬಿನ್’ (ಇಂಥವರ ಮಗ) ಆದ ಮೇಲಿನ ಹೆಸರು, ಅಂದರೆ ತಂದೆಯ ಹೆಸರು, ಸರಿಹೋದರೆ ಮಾತ್ರ ಒಪ್ಪಿಕೊಳ್ಳಿ. ಅನುಮತಿ ಕೇಳಿ ರೆಕಾರ್ಡ್ ಮಾಡಿಕೊಳ್ಳಿ, ಕಾಣಿಕೆ ಕೈತುಂಬ ಕೊಡಿ. ನಿಮ್ಮ ಮನೆಯ ನೆನಪನ್ನು ಅವರು ತಲೆಮಾರುಗಳಿಂದ ಹೊತ್ತು ತಂದಿದ್ದಾರೆ.

ಊರಿಗೆ ಹೋಗುವಾಗ ಒಂದು ಎಚ್ಚರಿಕೆ. ಬೆಂಗಳೂರಿನಿಂದ ಕಾರಿನಲ್ಲಿ ಬಂದು ಸರ್ವೆ ನಂಬರು, ವಂಶವೃಕ್ಷ ಅಂತ ಮಾತಾಡಿದರೆ ಎಂಥವರೂ ಬಾಗಿಲು ಹಾಕಿಕೊಳ್ಳುತ್ತಾರೆ. ಆ ಭಾಗದಲ್ಲಿ ಜಮೀನಿನ ಬೆಲೆ ಈಗ ಹಾಗಿದೆ, ಭಾಗ ಕೇಳಲು ಬಂದರು ಅಂತಲೇ ಮೊದಲು ಅನ್ನಿಸುವುದು. ಪಹಣಿ, ಫೈಲು ಕಾರಿನಲ್ಲೇ ಬಿಡಿ. ಅತ್ತೆಗೆ ಮೈಗೆ ಆಗುವುದಾದರೆ ಅವರನ್ನು ಕರೆದುಕೊಂಡು ಹೋಗಿ. ಊರಹಬ್ಬದ ದಿನ ಹೋಗಿ ಅಮ್ಮನಿಗೆ ಹಣ್ಣುಕಾಯಿ ಮಾಡಿಸಿ, ಗುಡಿಯ ಹತ್ತಿರ ಕೂತ ಹಿರಿಯರನ್ನು ಮಾತಾಡಿಸಿ. ನಮಗೆ ಆಸ್ತಿ ಬೇಡ, ಪ್ಲೇಗಿನಲ್ಲಿ ಹೋದ ನಮ್ಮ ಮುತ್ತಾತ ಈ ಊರಿನವರಂತೆ ಅಂತ ಮೊದಲ ಮಾತಿನಲ್ಲೇ ಹೇಳಿ. ಬೇಕಾದರೆ ಬರೆದುಕೊಡುತ್ತೇವೆ ಅಂತಲೂ ಹೇಳಿ. ಬರದಲ್ಲಿ ಊರು ಬಿಟ್ಟು ಹೋಗಿ ತಿರುಗಿ ಬಾರದ ಹುಡುಗನ ಕತೆ ಅವರ ಮನೆಯಲ್ಲೂ ಯಾರಿಗಾದರೂ ಗೊತ್ತಿರಬಹುದು. ಅದನ್ನು ಅವರೇ ಹೇಳಲಿ. ಹೆಸರನ್ನು ನೀವಾಗಿ ಮೊದಲು ಹೇಳಬೇಡಿ. ನಿಮ್ಮ ಬಾಯಿಂದ ಕೇಳಿದ ಹೆಸರಿಗೆ ಹೌದು ಹೌದು ಅನ್ನುವುದು ಬೇರೆ, ಅವರಾಗಿ ಆ ಹೆಸರು ಹೇಳುವುದು ಬೇರೆ.